ಆಟ ವಿಂಗಡಿಸುವ 96 ಕಾರ್ಡ್‌ಗಳ ಡಬ್ಬಿ: ಕಾರ್ಡ್ ಇರಲಿ, ಗೋಡೆಪಟ ಬೇಡ

‘ಕ್ರೀಡೆ ಮತ್ತು ದೈಹಿಕ ಚಟುವಟಿಕೆಗಳ ವರ್ಗೀಕರಣ’ ಎಂಬ ಡಬ್ಬಿಯೊಂದು ಬಳ್ಳಾರಿ, ಕೊಪ್ಪಳ, ರಾಯಚೂರಿನ ಶಾಲಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತಿದೆ. ಪ್ರೌಢಶಾಲೆಯ ದೈಹಿಕ ಶಿಕ್ಷಣದ ತರಗತಿಗೆಂದೇ ಮಾಡಿದ್ದು. ಒಂದೇ ಸರಕು ಎರಡು ಮೂರು ಹೊದಿಕೆಯಲ್ಲಿ ಬರುತ್ತಿರುವುದರಿಂದ ತಯಾರಕರ ಹೆಸರು ಇಲ್ಲಿ ಬರೆದಿಲ್ಲ. ಮುಚ್ಚಳದ ಮೇಲೆ 96 ಕಾರ್ಡ್ ಎಂದಿದ್ದು, ಒಳಗೆ ಮಡಚಿದ ಫ್ಲೆಕ್ಸ್ ಪಟವೊಂದು ಇದ್ದರೆ ಅದು ಇದೇ. ಬೆಲೆ 850 ರೂಪಾಯಿ. ಎರಡು ಮೂರು ಡಬ್ಬಿ ಒಟ್ಟಿಗೆ ಕೊಂಡರೆ 50 ರೂಪಾಯಿ ಬಿಡುತ್ತಾರೆ.

ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಕಾರ್ಡುಗಳಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಡಬ್ಬಿಯ ಜೊತೆ ಬರುವ ಕೈಪಿಡಿಯನ್ನು ಪೆನ್ಸಿಲ್ ಹಿಡಿದುಕೊಂಡೇ ಓದಬೇಕು. ಗೋಡೆಪಟವನ್ನು ಮಾತ್ರ ಗೋಡೆಗೆ ಹಾಕಬೇಡಿ.

ಕಾರ್ಡ್‌ನ ಅಳತೆ 9 × 13 ಸೆಂ.ಮೀ., ಅಂದರೆ ಹಳೇ ಪೋಸ್ಟ್‌ಕಾರ್ಡಿಗಿಂತ ಚೂರು ಸಣ್ಣದು. ಮುಂಭಾಗದಲ್ಲಿ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಕನ್ನಡದ ಹೆಸರು; ಹಿಂದಿನ ಸಾಲಿನಲ್ಲಿ ಕೂತವರಿಗೂ ಓದಲು ಬರುತ್ತದೆ. ಹಿಂಭಾಗದಲ್ಲಿ ಐದು ಸಾಲು: ಆಟಗಾರರ ಸಂಖ್ಯೆ, ಅಂಕಣದ ಅಳತೆ, ಸಲಕರಣೆ, ಅವಧಿ, ಕೊನೆಗೆ ‘ವರ್ಗ’. ಈ ಐದನೇ ಸಾಲೇ ಇಡೀ ಡಬ್ಬಿಯ ಉದ್ದೇಶವನ್ನು ಕೆಡಿಸುವುದು. ವಿಂಗಡಿಸಿ ಎಂದು ಕಾರ್ಡ್ ಕೈಗೆ ಕೊಟ್ಟರೆ ಹುಡುಗರು ಮೊದಲು ಮಾಡುವ ಕೆಲಸ ಅದನ್ನು ತಿರುವಿ ಉತ್ತರ ಓದುವುದು. ಕಾರ್ಡ್ ಬಳಸುವ ಮುನ್ನ ಆ ಸಾಲಿನ ಮೇಲೆ ಕಾಗದದ ಟೇಪ್ ಅಂಟಿಸಿ. ಸೆಲ್ಲೊ ಟೇಪ್ ಬೇಡ, ಅದರೊಳಗಿಂದ ಅಕ್ಷರ ಕಾಣುತ್ತದೆ. ಒಂದು ಸುತ್ತು ಟೇಪಿನಲ್ಲಿ 96 ಕಾರ್ಡೂ ಮುಗಿಯುತ್ತವೆ.

ಲ್ಯಾಮಿನೇಷನ್ ಮಾಡಿರುವುದರಿಂದ ಬಿಳಿ ಹಲಗೆಯ ಮಾರ್ಕರಿನಲ್ಲಿ ಬರೆದು ಒರೆಸಬಹುದು. ಆದರೆ ಅಂಚಿನಲ್ಲಿ ಪ್ಲಾಸ್ಟಿಕ್ಕು ಕಾಗದದಿಂದ ಆಚೆಗೆ ಒಂದಿಷ್ಟೂ ಉಳಿದಿಲ್ಲ, ಕಾಗದದ ಸಮಕ್ಕೇ ಕತ್ತರಿಸಿದ್ದಾರೆ. ಬೆವರುಗೈಗೆ ಸಿಕ್ಕು ಮೂಲೆ ಬಿಚ್ಚುವುದು ಅದಕ್ಕೇ. ಇನ್ನೊಂದು ತೊಂದರೆ ನಮ್ಮ ಕಡೆಯ ಬಿಸಿಲಿನದು. ತಗಡಿನ ಚಾವಣಿಯ ಸಾಮಾನು ಕೋಣೆಯಲ್ಲಿ ಏಪ್ರಿಲ್-ಮೇ ತಿಂಗಳು ಡಬ್ಬಿ ಇಟ್ಟರೆ ಕಾರ್ಡುಗಳು ಹಪ್ಪಳದಂತೆ ಬಾಗುತ್ತವೆ. ಕಾಗದ ಒಣಗಿ ಕುಗ್ಗುತ್ತದೆ, ಪ್ಲಾಸ್ಟಿಕ್ಕು ಅಷ್ಟು ಕುಗ್ಗುವುದಿಲ್ಲ. ರಜೆಗೆ ಮುನ್ನ ರಬ್ಬರ್ ಬ್ಯಾಂಡ್ ತೆಗೆದು, ಸಮವಾಗಿ ಜೋಡಿಸಿ, ಮೇಲೊಂದು ಹಾಜರಿ ಪುಸ್ತಕದಷ್ಟು ಭಾರ ಇಟ್ಟು, ಆಫೀಸಿನ ಬೀರುವಿನಲ್ಲಿ ಇಡಿ.

ಇನ್ನು ಗೋಡೆಪಟ. ಮೂರಡಿ-ನಾಲ್ಕಡಿ ಫ್ಲೆಕ್ಸ್. ಮಡಚಿ ತುರುಕಿರುವುದರಿಂದ ಮಡಿಕೆಯಲ್ಲಿ ಬಣ್ಣ ಬಿರುಕು ಬಿಟ್ಟಿರುತ್ತದೆ. ಅದನ್ನು ಸಹಿಸಿಕೊಳ್ಳಬಹುದಿತ್ತು, ಬರಹವನ್ನು ಸಹಿಸಿಕೊಳ್ಳಲಾಗದು. ಪಟದಲ್ಲಿ ಆರು ಕಾಲಂ ಇವೆ: ಒಂಟಿ ಆಟ, ಗುಂಪು ಆಟ, ಮೇಲಾಟ (ಓಟ, ಜಿಗಿತ, ಎಸೆತ), ದೇಶಿ ಆಟ, ಒಳಾಂಗಣ ಆಟ, ನೀರಿನ ಆಟ. ಖೊಖೊ ‘ದೇಶಿ’ ಕಾಲಂನಲ್ಲಿದೆ, ಹಾಗಾದರೆ ಅದು ಗುಂಪು ಆಟವಲ್ಲವೇ? ಶಟಲ್ ‘ಒಳಾಂಗಣ’ದಲ್ಲಿದೆ, ಸಿಂಗಲ್ಸ್ ಆಡಿದರೆ ‘ಒಂಟಿ’ಯಲ್ಲವೇ? ಈಜು ‘ನೀರಿ’ನಲ್ಲೂ ಇರಬೇಕು, ‘ಒಂಟಿ’ಯಲ್ಲೂ ಇರಬೇಕು; ಕೊಳಕ್ಕೆ ಚಾವಣಿ ಇದ್ದರೆ ‘ಒಳಾಂಗಣ’ದಲ್ಲೂ ಇರಬೇಕು.

ಇಲ್ಲಿ ಆಗಿರುವ ತಪ್ಪು ಒಂದೇ. ಯಾರ ಜೊತೆ ಆಡುತ್ತೀರಿ, ಎಲ್ಲಿ ಆಡುತ್ತೀರಿ, ಆಟ ಎಲ್ಲಿಂದ ಬಂತು ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಜೋಳ, ಸಜ್ಜೆ, ಬಿಳಿ ಬಣ್ಣ, ಸಿಂಧನೂರು ಎಂದು ನಾಲ್ಕು ಚೀಲಕ್ಕೆ ಚೀಟಿ ಹಚ್ಚಿ ಕಾಳು ಬೇರ್ಪಡಿಸು ಎಂದ ಹಾಗೆ. ಶಿಕ್ಷಣ ಇಲಾಖೆಯ ಕ್ರೀಡಾಕೂಟದಲ್ಲಿ ನಡೆದುಬಂದಿರುವ ‘ಗುಂಪು ಆಟ, ಮೇಲಾಟ’ ಎಂಬ ಎರಡೇ ಭಾಗ ಇದಕ್ಕಿಂತ ಎಷ್ಟೋ ವಾಸಿ. ಅದು ತಂಡದ ಪಟ್ಟಿ ಮಾಡಲು, ವೇಳಾಪಟ್ಟಿ ಹಾಕಲು ಮಾಡಿಕೊಂಡ ವಿಂಗಡಣೆ, ಆ ಕೆಲಸಕ್ಕೆ ಸಾಕು. ಪಾಠಕ್ಕೆ ಸಾಲದು.

ಪಾಠಕ್ಕೆ ಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದುಕೊಂಡು ಇದೇ ಕಾರ್ಡುಗಳಲ್ಲಿ ಆಡಿಸಿದರೆ ಡಬ್ಬಿಗೆ ಬೆಲೆ ಬರುತ್ತದೆ. ಮೊದಲನೆಯದು: ಯಾರ ಜೊತೆ, ಯಾರ ವಿರುದ್ಧ, ಎಂಥ ನೆಲದಲ್ಲಿ? ಫ್ರಾನ್ಸಿನ ಪಿಯರ್ ಪಾರ್ಲೆಬಾ ಕಟ್ಟಿದ ವಿಂಗಡಣೆ ಇದು. ಜೊತೆಗಾರ ಇದ್ದಾನೆಯೇ, ಎದುರಾಳಿ ಇದ್ದಾನೆಯೇ, ಪರಿಸರ ಅನಿಶ್ಚಿತವೇ ಎಂಬ ಮೂರಕ್ಕೂ ಹೌದು-ಇಲ್ಲ ಎಂದು ಉತ್ತರಿಸಿದರೆ ಎಂಟು ಮನೆ ಸಿಗುತ್ತವೆ. ಗುಂಡು ಎಸೆತ ಮೂರಕ್ಕೂ ‘ಇಲ್ಲ’. ಲೇಜಿಮ್, ಕೋಲಾಟಕ್ಕೆ ಜೊತೆಗಾರ ಮಾತ್ರ. ಕುಸ್ತಿಗೆ ಎದುರಾಳಿ ಮಾತ್ರ. ಕಬಡ್ಡಿ, ಖೊಖೊ, ವಾಲಿಬಾಲಿಗೆ ಜೊತೆಗಾರ, ಎದುರಾಳಿ ಇಬ್ಬರೂ. ಆನೆಗೊಂದಿಯ ಬಂಡೆ ಒಬ್ಬನೇ ಏರಿದರೆ ಅನಿಶ್ಚಿತ ಪರಿಸರ ಮಾತ್ರ. ಸಾಣಾಪುರದ ಕೆರೆಯಲ್ಲಿ ಇಬ್ಬರು ಸೇರಿ ಹರಿಗೋಲಿಗೆ ಹುಟ್ಟು ಹಾಕಿದರೆ ಅನಿಶ್ಚಿತ ಪರಿಸರದ ಜೊತೆಗೆ ಜೊತೆಗಾರ. ಮೂರೂ ಇರುವ ಮನೆಗೆ ಎರಡು ಗುಂಪು ಮಾಡಿಕೊಂಡು ಕಲ್ಲು-ಪೊದೆಗಳ ನಡುವೆ ಆಡುವ ಕಣ್ಣಾಮುಚ್ಚಾಲೆ ಇಡಬಹುದು.

ಇದನ್ನು ಆಡಿಸುವಾಗ ಜಗಳ ಏಳುವುದು ಎರಡು ಕಾರ್ಡಿಗೆ. ಕುಸ್ತಿಯನ್ನು ಕೈಪಿಡಿ ‘ಒಂಟಿ ಆಟ’ ಎನ್ನುತ್ತದೆ. ‘ಸರ್ರ, ಒಬ್ಬನ ಆಟ ಹೆಂಗಾಕ್ಕೈತ್ರಿ? ಎದುರಿಗೊಬ್ಬ ಅದಾನಲ್ರಿ’ ಎಂದು ಕೇಳುವ ಹುಡುಗನೇ ಸರಿ, ಕೈಪಿಡಿ ತಪ್ಪು. ಎರಡನೆಯದು 100 ಮೀಟರ್ ಓಟ. ‘ಬಾಜು ಲೇನ್‌ನ್ಯಾಗ ಓಡಾವ ಎದುರಾಳಿ ಅಲ್ಲೇನ್ರಿ?’ ಸ್ಪರ್ಧಿ ಹೌದು. ಆದರೆ ಅವನು ನಿನ್ನ ದಾರಿಗೆ ಅಡ್ಡ ಬರಬಹುದೇ, ನಿನ್ನನ್ನು ಯಾಮಾರಿಸಬಹುದೇ, ನಿನ್ನ ಹೆಜ್ಜೆ ಕೆಡಿಸಬಹುದೇ? ನಿಯಮದ ಪ್ರಕಾರ ಆಗದು. ಹಾಗಾಗಿ ಈ ವಿಂಗಡಣೆಯಲ್ಲಿ ಲೇನ್ ಓಟಕ್ಕೆ ಎದುರಾಳಿ ಇಲ್ಲ. ‘ಎದುರಾಳಿ ಇದ್ದಾನೆಯೇ’ ಎಂದು ಕೇಳುವ ಬದಲು ‘ಎದುರಿನವನು ನಿನ್ನ ಚಲನೆ ಕೆಡಿಸಬಹುದೇ’ ಎಂದು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. 4 × 100 ರಿಲೇ ಈ ಲೆಕ್ಕದಲ್ಲಿ ಲೇಜಿಮ್ಮಿನ ಪಕ್ಕದ ಕಾರ್ಡ್. ಮಕ್ಕಳಿಗೆ ಮೊದಲು ವಿಚಿತ್ರ ಅನ್ನಿಸುತ್ತದೆ, ಬ್ಯಾಟನ್ ಬದಲಿಸುವ ಅಭ್ಯಾಸಕ್ಕೆ ಇಳಿದಾಗ ಅರ್ಥವಾಗುತ್ತದೆ: ಅಲ್ಲಿ ಕೆಲಸವೆಲ್ಲ ಜೊತೆಗಾರನ ವೇಗ ಓದುವುದರಲ್ಲಿದೆ.

ಪರಿಸರದ ಪ್ರಶ್ನೆಯಲ್ಲಿ ನಮ್ಮ ಕಡೆಗೆ ಒಂದು ಎಚ್ಚರಿಕೆ. ಎರೆ ನೆಲದ ಮೈದಾನ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಹಾಗೆಂದು ಖೊಖೊ ‘ಅನಿಶ್ಚಿತ ಪರಿಸರ’ದ ಆಟವಾಗುವುದಿಲ್ಲ. ನೆಲವನ್ನು ಓದುವುದೇ ಆಟದ ಭಾಗವಾಗಿದ್ದರೆ ಮಾತ್ರ ಆ ಮನೆ. ಬಿರುಕು ಬಿಟ್ಟ ಅಂಕಣ ಮೈದಾನದ ದೋಷ. ಮಸಾರಿ ಮಣ್ಣು ತುಂಬಿ, ನೀರು ಹೊಡೆದು, ರೋಲರ್ ಎಳೆಸುವುದು ಅದಕ್ಕೆ ಪರಿಹಾರ.

ಎರಡನೇ ಪ್ರಶ್ನೆ ಆಟದ ತಂತ್ರದ್ದು. ಇಂಗ್ಲೆಂಡಿನ ಲಫ್‌ಬರೋದಲ್ಲಿ ಡೇವಿಡ್ ಬಂಕರ್ ಮತ್ತು ರಾಡ್ ಥೋರ್ಪ್ 1982ರಲ್ಲಿ ಮುಂದಿಟ್ಟ ಬೋಧನಾ ಕ್ರಮದ ಜೊತೆಗೆ ಬೆಳೆದ ನಾಲ್ಕು ಬಗೆಗಳನ್ನು ಕೈಪಿಡಿ ಕೊಟ್ಟಿದೆ: ನುಗ್ಗುವ ಆಟ, ನೆಟ್ ಆಟ, ಹೊಡೆದು ಓಡುವ ಆಟ, ಗುರಿ ಆಟ. ಡಬ್ಬಿಯಲ್ಲಿ ಚೆನ್ನಾಗಿರುವ ಭಾಗ ಇದೇ. ಒಂದು ಬಗೆಯ ಆಟಗಳೆಲ್ಲಕ್ಕೂ ಸಮಸ್ಯೆ ಒಂದೇ ಆಗಿರುವುದರಿಂದ ಒಂದರಲ್ಲಿ ಕಲಿತ ಉಪಾಯ ಇನ್ನೊಂದಕ್ಕೆ ದಾಟುತ್ತದೆ. ಚಿನ್ನಿದಾಂಡು, ಕ್ರಿಕೆಟ್ ಎರಡರಲ್ಲೂ ಆಳಿಲ್ಲದ ಕಡೆ ಹೊಡೆಯಬೇಕು. ಥ್ರೋಬಾಲ್, ವಾಲಿಬಾಲ್, ಶಟಲ್, ಬಾಲ್ ಬ್ಯಾಡ್ಮಿಂಟನ್ ನಾಲ್ಕರಲ್ಲೂ ಎದುರಿನ ಅಂಕಣದ ಖಾಲಿ ಜಾಗ ಹುಡುಕಬೇಕು, ತನ್ನ ಕಡೆಯ ಖಾಲಿ ಜಾಗ ಮುಚ್ಚಬೇಕು. ಥ್ರೋಬಾಲ್ ಚೆನ್ನಾಗಿ ಆಡುವ ಹುಡುಗಿಗೆ ವಾಲಿಬಾಲ್ ಕಲಿಸುವಾಗ ಜಾಗದ ಪಾಠ ಮತ್ತೆ ಬೇಕಿಲ್ಲ, ಕೈಯ ಪಾಠ ಬೇಕು. ಥ್ರೋಬಾಲಿನಲ್ಲಿ ಚೆಂಡು ಹಿಡಿದು 3 ಸೆಕೆಂಡಿನೊಳಗೆ ಎಸೆಯಬಹುದು, ವಾಲಿಬಾಲಿನಲ್ಲಿ ಹಿಡಿಯುವಂತೆಯೇ ಇಲ್ಲ. ವ್ಯತ್ಯಾಸ ಎಲ್ಲಿದೆ ಎಂದು ಕಾರ್ಡ್ ಎದುರಿಗಿಟ್ಟು ತೋರಿಸಿದರೆ ಒಂದು ವಾರದ ಅಭ್ಯಾಸ ಉಳಿಯುತ್ತದೆ.

ಆದರೆ ಈ ನಾಲ್ಕು ಬಗೆ ಹುಟ್ಟಿದ್ದು ಚೆಂಡಾಟಗಳನ್ನು ನೋಡಿ. ಕಬಡ್ಡಿಯನ್ನು ಕೈಪಿಡಿ ‘ನುಗ್ಗುವ ಆಟ’ದಲ್ಲಿಟ್ಟಿದೆ. ಒಪ್ಪಬಹುದು, ರೈಡರ್ ನುಗ್ಗುತ್ತಾನೆ ನಿಜ. ಆದರೆ ಫುಟ್‌ಬಾಲಿನಲ್ಲಿ ನುಗ್ಗಿದವನು ಗೋಲು ಹೊಡೆದರೆ ಮುಗಿಯಿತು, ಕಬಡ್ಡಿಯಲ್ಲಿ ತಿರುಗಿ ಬರಬೇಕು, ಅದೂ 30 ಸೆಕೆಂಡಿನೊಳಗೆ. ಖೊಖೊವನ್ನು ‘ಗುರಿ ಆಟ’ದಲ್ಲಿ ಇಟ್ಟಿರುವುದಕ್ಕೆ ಮಾತ್ರ ಕ್ಷಮೆಯಿಲ್ಲ. ಓಡುವ ಮನುಷ್ಯನನ್ನು ಮುಟ್ಟುವುದು ಗುರಿ ಹೊಡೆಯುವುದಾದರೆ ಕಳ್ಳ-ಪೊಲೀಸ್ ಆಟವೂ ಬಿಲ್ಲುಗಾರಿಕೆಯೇ. ಡಬ್ಬಿಯಲ್ಲಿ ಆರು ಖಾಲಿ ಕಾರ್ಡ್ ಕೊಟ್ಟಿದ್ದಾರೆ. ಒಂದರ ಮೇಲೆ ‘ಬೆನ್ನಟ್ಟಿ ಮುಟ್ಟುವ ಆಟ’ ಎಂದು ಬರೆದು ಐದನೇ ತಲೆಬರಹ ಮಾಡಿಕೊಳ್ಳಿ. ಖೊಖೊ, ಕಬಡ್ಡಿ, ಮುಟ್ಟಾಟಗಳೆಲ್ಲ ಅದರಡಿ ಆರಾಮಾಗಿ ಕೂರುತ್ತವೆ. ಲಗೋರಿ ಮಾತ್ರ ಎಲ್ಲೂ ಕೂರದು. ಬಿಲ್ಲೆ ಉರುಳಿಸುವ ತನಕ ಗುರಿ ಆಟ, ಉರುಳಿದ ಮೇಲೆ ಬೆನ್ನಟ್ಟುವ ಆಟ. ಅಂಥ ಕಾರ್ಡನ್ನು ಗೆರೆಯ ಮೇಲೇ ಇಡಲು ಬಿಡಿ, ಒಂದು ಮನೆಗೆ ನೂಕಬೇಡಿ.

ಮೂರನೆಯದು ಕೌಶಲದ ಪ್ರಶ್ನೆ. ಇದಕ್ಕೆ ಕಾರ್ಡಿನ ಮೂಲೆಯಲ್ಲಿ ಚುಕ್ಕೆ ಇದೆ: ಹಸಿರು ಎಂದರೆ ತೆರೆದ ಕೌಶಲ, ಅಂದರೆ ಎದುರಿನ ಸನ್ನಿವೇಶ ಬದಲಾದಂತೆ ಬದಲಾಗಬೇಕಾದದ್ದು; ಕೆಂಪು ಎಂದರೆ ಮುಚ್ಚಿದ ಕೌಶಲ, ಅಂದರೆ ಸನ್ನಿವೇಶ ಬದಲಾಗದೆ ತನ್ನ ಹೊತ್ತಿಗೆ ತಾನು ಮಾಡುವಂಥದ್ದು. ಕೆಂಪು-ಹಸಿರು ಭೇದ ತಿಳಿಯದ ಹುಡುಗರು ಇರುತ್ತಾರೆ, ಅವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಕೆಂಪು ಚುಕ್ಕೆಯ ಮೇಲೆ ಮಾರ್ಕರಿನಲ್ಲಿ ಗುಣಾಕಾರದ ಗುರುತು ಹಾಕಿಬಿಡಿ. ಅದಕ್ಕಿಂತ ದೊಡ್ಡ ತಪ್ಪು ಇಡೀ ಆಟಕ್ಕೆ ಒಂದೇ ಚುಕ್ಕೆ ಕೊಟ್ಟಿರುವುದು. ವಾಲಿಬಾಲಿಗೆ ಹಸಿರು ಬಿದ್ದಿದೆ. ಸರ್ವಿಸ್ ಮಾಡುವವನಿಗೆ ಚೆಂಡು ತನ್ನ ಕೈಯಲ್ಲೇ ಇದೆ, ಸೀಟಿ ಊದಿದ 8 ಸೆಕೆಂಡಿನೊಳಗೆ ತನಗೆ ಬೇಕಾದಾಗ ಹೊಡೆಯುತ್ತಾನೆ: ಅದು ಮುಚ್ಚಿದ ತುದಿಗೆ ಹತ್ತಿರ. ಆ ಸರ್ವಿಸ್ ತೆಗೆದುಕೊಳ್ಳುವವನದು ಪೂರ್ತಿ ತೆರೆದದ್ದು. ಬ್ಯಾಸ್ಕೆಟ್‌ಬಾಲಿನ ಫ್ರೀ ಥ್ರೋ ಮುಚ್ಚಿದ್ದು, ಅದೇ ಆಟದ ಡ್ರಿಬ್ಲಿಂಗ್ ತೆರೆದದ್ದು. ಇವು ಎರಡು ಡಬ್ಬಿಗಳಲ್ಲ, ಒಂದು ಹಗ್ಗದ ಎರಡು ತುದಿ. ನಿಜವಾಗಿ ಹಗ್ಗವನ್ನೇ ಕಟ್ಟಿ, ಬಟ್ಟೆಯ ಕ್ಲಿಪ್ಪಿನಲ್ಲಿ ಕಾರ್ಡ್ ಸಿಕ್ಕಿಸಿ ‘ಇದಕ್ಕಿಂತ ಅದು ತೆರೆದದ್ದು’ ಎಂದು ಸರಿಸುತ್ತ ಹೋಗುವುದು ಒಳ್ಳೆಯದು. ಅಭ್ಯಾಸ ಹೇಗೆ ಮಾಡಿಸಬೇಕು ಎಂಬುದು ಇದರಿಂದ ನೇರ ಗೊತ್ತಾಗುತ್ತದೆ. ಗುಂಡು ಎಸೆತಕ್ಕೆ ಅದೇ ಹೆಜ್ಜೆ, ಅದೇ ಕೋನ, ಮತ್ತೆ ಮತ್ತೆ. ಕಬಡ್ಡಿಯ ಕಾಲು ಹಿಡಿತಕ್ಕೆ ಪ್ರತಿ ಸಲ ರೈಡರ್ ಬದಲಾಗಬೇಕು, ಬರುವ ಕಡೆ ಬದಲಾಗಬೇಕು. ಒಬ್ಬನೇ ಗೆಳೆಯನ ಕಾಲು ಹಿಡಿದು ಪಳಗಿದವನು ಪಂದ್ಯದಲ್ಲಿ ಗಾಳಿ ಹಿಡಿಯುತ್ತಾನೆ.

ಕೈಪಿಡಿ ತೀರಾ ಜಾರಿರುವುದು ಶಕ್ತಿ ಮತ್ತು ತೀವ್ರತೆಯ ಪುಟಗಳಲ್ಲಿ. ಎಲ್ಲ ಆಟಕ್ಕೂ ‘ಏರೋಬಿಕ್’ (ಆಮ್ಲಜನಕ ಬಳಸಿ ಶಕ್ತಿ) ಅಥವಾ ‘ಅನೇರೋಬಿಕ್’ (ಆಮ್ಲಜನಕವಿಲ್ಲದೆ ಶಕ್ತಿ) ಎಂದು ಒಂದು ಮುದ್ರೆ ಒತ್ತಿದ್ದಾರೆ. 400 ಮೀಟರಿಗೆ ‘ಅನೇರೋಬಿಕ್’, ಫುಟ್‌ಬಾಲಿಗೆ ‘ಏರೋಬಿಕ್’. ಸ್ನಾಯುವಿಗೆ ಶಕ್ತಿ ಬರುವ ದಾರಿ ಮೂರು. ಮೊದಲ ಸುಮಾರು 10 ಸೆಕೆಂಡಿನ ಪೂರ್ತಿ ಜೋರಿಗೆ ಸ್ನಾಯುವಿನಲ್ಲೇ ಕೂಡಿಟ್ಟ ಫಾಸ್ಫೇಟ್. ಅಲ್ಲಿಂದ ಒಂದೆರಡು ನಿಮಿಷದವರೆಗೆ ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವ ದಾರಿ ಮುಂದಾಗುತ್ತದೆ. ಆಮೇಲೆ ಆಮ್ಲಜನಕದ ದಾರಿ. ಒಂದು ಮುಗಿದು ಇನ್ನೊಂದು ಶುರುವಾಗುವುದಿಲ್ಲ, ಮೂರೂ ಒಟ್ಟಿಗೇ ನಡೆಯುತ್ತಿರುತ್ತವೆ, ಪಾಲು ಬದಲಾಗುತ್ತದೆ. 400 ಮೀಟರಿನಲ್ಲೂ ಹತ್ತಿರಹತ್ತಿರ ಶೇ. 40ರಷ್ಟು ಶಕ್ತಿ ಆಮ್ಲಜನಕದ ದಾರಿಯದೇ. 800 ಮೀಟರಿನಲ್ಲಿ ಅದು ಅರ್ಧ ದಾಟುತ್ತದೆ. ಫುಟ್‌ಬಾಲ್, ಕಬಡ್ಡಿ, ಖೊಖೊಗಳಲ್ಲಿ ಸಣ್ಣ ಸಣ್ಣ ಜೋರು ಓಟ, ನಡುವೆ ಬಿಡುವು. ಜೋರಿಗೆ ಒಂದು ದಾರಿ, ಬಿಡುವಿನಲ್ಲಿ ಚೇತರಿಸಿಕೊಳ್ಳಲು ಇನ್ನೊಂದು ದಾರಿ. ಇದಕ್ಕೆ ‘ಬಿಟ್ಟು ಬಿಟ್ಟು ಜೋರು’ ಎಂಬ ಮೂರನೇ ತಲೆಬರಹ ಬೇಕೇ ಬೇಕು. ಎರಡನೇ ಖಾಲಿ ಕಾರ್ಡ್ ಅದಕ್ಕೆ ಹೋಗಲಿ.

ತೀವ್ರತೆ ಅಳೆಯುವ ಮೂಲಮಾನ ಮೆಟ್. ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿ 1 ಮೆಟ್, ಉಳಿದದ್ದೆಲ್ಲ ಅದರ ಎಷ್ಟು ಪಟ್ಟು ಎಂಬ ಲೆಕ್ಕ. 3ರಿಂದ 6ರ ಒಳಗಿದ್ದರೆ ಮಧ್ಯಮ, 6 ಮತ್ತು ಮೇಲೆ ತೀವ್ರ. ವಯಸ್ಕರಿಗೆ ಮಾಡಿದ ಅಂತರರಾಷ್ಟ್ರೀಯ ಪಟ್ಟಿಯ 2011ರ ಆವೃತ್ತಿಯಲ್ಲಿ ಚದುರಂಗ 1.5, ಹಠಯೋಗ 2.5, ಟೇಬಲ್ ಟೆನಿಸ್ 4, ಗೆಳೆಯರ ಶಟಲ್ 5.5, ಬ್ಯಾಸ್ಕೆಟ್‌ಬಾಲ್ ಪಂದ್ಯ 8. ಹಗ್ಗದಾಟ (ಸ್ಕಿಪ್ಪಿಂಗ್) 11-12ರ ಆಸುಪಾಸು. ಕೈಪಿಡಿ ಇದನ್ನು ಬಿಟ್ಟು ‘ಸ್ಕಿಪ್ಪಿಂಗ್: ಗಂಟೆಗೆ 700 ಕ್ಯಾಲೊರಿ’ ಎಂದು ಬರೆದಿದೆ. ಯಾರಿಗೆ? ಮೆಟ್ ಅನ್ನು ದೇಹತೂಕದ ಕಿಲೋದಿಂದ ಗುಣಿಸಿ, ಅದನ್ನು ಗಂಟೆಯಿಂದ ಗುಣಿಸಿದರೆ ಅಂದಾಜು ಕ್ಯಾಲೊರಿ ಸಿಗುತ್ತದೆ. 700 ಬರುವುದು 60 ಕಿಲೋ ತೂಗುವ ದೊಡ್ಡವರು ಒಂದು ಗಂಟೆ ನಿಲ್ಲದೆ ಜಿಗಿದರೆ. 40 ಕಿಲೋದ ಎಂಟನೇ ತರಗತಿಯ ಹುಡುಗಿ 5 ನಿಮಿಷ ಜಿಗಿದರೆ 40ರ ಆಚೀಚೆ. ಆ ಪುಟಕ್ಕೆ ಅಡ್ಡಗೆರೆ ಎಳೆದು ಈ ಲೆಕ್ಕವನ್ನೇ ಮಾಡಿಸಿದರೆ ಗಣಿತದ ಮಾಸ್ತರರೂ ಮೆಚ್ಚುತ್ತಾರೆ.

ಅದಕ್ಕಿಂತಲೂ ಮುಖ್ಯವಾದ ಮಾತು: ತೀವ್ರತೆಯ ಮುದ್ರೆ ಬೀಳಬೇಕಾದ್ದು ಆಟದಲ್ಲಿ ಆ ಮಗು ಮಾಡುತ್ತಿರುವ ಕೆಲಸದ ಮೇಲೆ. ಖೊಖೊ ಕಾರ್ಡಿನ ಮೇಲೆ ‘ತೀವ್ರ’ ಎಂದಿದೆ. 50 ಮಕ್ಕಳ ತರಗತಿಯಲ್ಲಿ ಒಂದೇ ಅಂಕಣ ಹಾಕಿ ಆಡಿಸಿ ನೋಡಿ: ಬೆನ್ನಟ್ಟುವ ಕಡೆ 9 ಮಂದಿ, ಅದರಲ್ಲಿ 8 ಮಂದಿ ಕೂತಿದ್ದಾರೆ, ಓಡುವ ಕಡೆ 3 ಮಂದಿ. ಯಾವುದೇ ಕ್ಷಣದಲ್ಲಿ ಓಡುತ್ತಿರುವವರು ನಾಲ್ವರು, ಉಳಿದ 38 ಮಂದಿ ಗಿಡದ ನೆರಳಿನಲ್ಲಿ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆ 38 ಮಕ್ಕಳ ಲೆಕ್ಕಕ್ಕೆ ಒಂದು ನಿಮಿಷವೂ ಬೀಳಲಿಲ್ಲ. ಕಾರ್ಡಿನ ಪಕ್ಕ ‘ಕೂತವನು’, ‘ಓಡುವವನು’, ‘ಕಾಯುವವನು’ ಎಂದು ಮೂರು ಚೀಟಿ ಇಟ್ಟು ಬೇರೆ ಬೇರೆ ಮನೆಗೆ ಹಾಕಿಸಿ. ಮಾತಿನ ಪರೀಕ್ಷೆ ಸಾಕು: ಮಾತಾಡಬಹುದು, ಹಾಡಲು ಆಗದು ಎಂದರೆ ಮಧ್ಯಮ, ಎರಡು ಮೂರು ಪದಕ್ಕೇ ಉಸಿರು ಬೇಕೆಂದರೆ ತೀವ್ರ. ನಾಡಿ ನೋಡುವುದಾದರೆ ನಿಂತ ತಕ್ಷಣ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಕು; ನಿಂತು ಪೂರ್ತಿ ಒಂದು ನಿಮಿಷ ಎಣಿಸುತ್ತ ಕೂತರೆ ಅಷ್ಟರಲ್ಲಿ ನಾಡಿ ಇಳಿದುಬಿಡುತ್ತದೆ.

ಅಳತೆಗಳಲ್ಲಿ ಕಂಡ ತಪ್ಪುಗಳು. ಕಬಡ್ಡಿ ಅಂಕಣ 12.5 × 10 ಮೀ. ಎಂದಿದೆ, ಅದು ಹಳೇ ಅಳತೆ. ಈಗ ಪುರುಷರಿಗೆ 13 × 10, ಮಹಿಳೆಯರಿಗೆ 12 × 8. ಬಾಲ್ ಬ್ಯಾಡ್ಮಿಂಟನ್ ಕಾರ್ಡಿನಲ್ಲಿ ಶಟಲ್ ಕಾಕಿನ ಚಿತ್ರ ಹಾಕಿದ್ದಾರೆ. ಹಳದಿ ಉಣ್ಣೆ ಚೆಂಡಿನ ಆಟಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇನ್ನಿಲ್ಲ. ಅದರ ಅಂಕಣ 24 × 12 ಮೀ. ಎಂದಿರುವುದು ಸರಿ. ಖೊಖೊ 27 × 16 ಮೀ. ಸರಿ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪಿನಲ್ಲಿ ಒಂದು ಕಡೆಗೆ 7 ಮಂದಿ ಆಡಿದ್ದನ್ನು ಟಿ.ವಿ.ಯಲ್ಲಿ ನೋಡಿದ ಮಕ್ಕಳು ಕಾರ್ಡಿನ 9ನ್ನು ತಪ್ಪು ಎನ್ನುತ್ತಾರೆ. ಎರಡೂ ಸರಿ, ಮಾದರಿ ಬೇರೆ. ವಾಲಿಬಾಲ್, ಶಟಲ್ ಕಾರ್ಡುಗಳಲ್ಲಿ ದೋಷವಿಲ್ಲ. ವಯೋಮಿತಿಯ ಕೂಟಗಳಿಗೆ ನೆಟ್ಟಿನ ಎತ್ತರ, ಗುಂಡಿನ ತೂಕ ಬೇರೆ ಇರುತ್ತದೆ. ಆಯಾ ಕೂಟದ ಸುತ್ತೋಲೆ ನೋಡಿಯೇ ಅಂಕಣ ಹಾಕಬೇಕು, ಕಾರ್ಡ್ ನೋಡಿ ಹಾಕಬಾರದು.

ತಾಗುವಿಕೆಯ ವಿಂಗಡಣೆ ಡಬ್ಬಿಯಲ್ಲಿ ಇಲ್ಲವೇ ಇಲ್ಲ. ಗಾಯದ ದೃಷ್ಟಿಯಿಂದ ಮೊದಲು ಬೇಕಾದ್ದೇ ಅದು. ಕಬಡ್ಡಿ, ಕುಸ್ತಿ, ಬಾಕ್ಸಿಂಗ್, ಜೂಡೋ ಮೈಗೆ ಮೈ ತಾಗುವ ಆಟ. ಖೊಖೊ ಅಷ್ಟಿಷ್ಟು ತಾಗುವ ಆಟ. ಶಟಲ್, ಓಟ, ಎಸೆತ ತಾಗದ ಆಟ. ಮೊದಲ ಗುಂಪಿನ ಕಾರ್ಡುಗಳಿಗೆ ‘ತೂಕ ನೋಡಿ ಜೋಡಿ ಮಾಡು’ ಎಂಬ ಚೀಟಿ ಅಂಟಿಸಿ. ಖೊಖೊಗೆ ಅಂಟಿಸಬೇಕಾದ ಚೀಟಿ ಬೇರೆ: ಅಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಕಂಬದಿಂದ, ನೆಲದಿಂದ. ಕಂಬದ ತುದಿ ಗುಂಡಗಿರಬೇಕು, ಡೈವ್ ಹೊಡೆಯುವ ಜಾಗದಲ್ಲಿ ಹರಳುಕಲ್ಲು ಇರಬಾರದು. ಎಸೆತದ ಕಾರ್ಡುಗಳಿಗೆ ‘ತಾಗದ ಆಟ’ ಎಂದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ. ಚಕ್ರ, ಭರ್ಜಿ ಹಾರುವ ಕಡೆ ಆಳಿರಬಾರದು ಎಂದು ಅವುಗಳ ಮೇಲೂ ಬರೆಯಿರಿ.

ಆಟ ಯಾವುದು, ಬರೀ ಚಟುವಟಿಕೆ ಯಾವುದು ಎಂಬಲ್ಲಿ ಕಾರ್ಡಿನ ಆಯ್ಕೆಯೇ ಬಡವಾಗಿದೆ. ಸ್ನಾಯು ಕೆಲಸ ಮಾಡಿ ಶಕ್ತಿ ಖರ್ಚಾಗುವ ಯಾವ ಚಲನೆಯಾದರೂ ದೈಹಿಕ ಚಟುವಟಿಕೆ. ಅದನ್ನು ಯೋಜನೆ ಹಾಕಿ, ಮತ್ತೆ ಮತ್ತೆ, ದೇಹ ಗಟ್ಟಿಮಾಡಿಕೊಳ್ಳಲೆಂದು ಮಾಡಿದರೆ ವ್ಯಾಯಾಮ. 1985ರಲ್ಲಿ ಕ್ಯಾಸ್ಪರ್ಸನ್ ಮತ್ತು ಸಂಗಡಿಗರು ಹಾಕಿಕೊಟ್ಟ ಈ ಭೇದವನ್ನು ಕೈಪಿಡಿ ಸರಿಯಾಗಿಯೇ ಹೇಳಿದೆ. ಉದಾಹರಣೆಗೆ ಮಾತ್ರ ಹಿಮದ ಮೇಲೆ ಜಾರುವುದು, ಐಸ್ ಹಾಕಿ, ಸರ್ಫಿಂಗ್ ಕೊಟ್ಟಿದೆ. ಜೂಡೋ, ಬಾಕ್ಸಿಂಗ್ ಇರಲಿ. ತೋರಣಗಲ್ಲು ಬಳಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಅವುಗಳ ತರಬೇತಿ ನಡೆಯುತ್ತದೆ, ನಮ್ಮ ಮಕ್ಕಳಿಗೆ ಹೊರಗಿನವಲ್ಲ. ಹಿಮದ ಕಾರ್ಡುಗಳನ್ನು ಪಕ್ಕಕ್ಕಿಟ್ಟು ಇವನ್ನು ಸೇರಿಸಿ: ಹತ್ತಿ ಬಿಡಿಸುವುದು, ಗಂಗಾವತಿ ಕಡೆಯ ಭತ್ತದ ನಾಟಿ, ಕೊಡದಲ್ಲಿ ನೀರು ಹೊರುವುದು, ಅಂಜನಾದ್ರಿಯ 575 ಮೆಟ್ಟಿಲು ಏರುವುದು, ಮೊಹರಂನ ಅಲಾಯಿ ಕುಣಿತ, ಜಾತ್ರೆಯ ಸಂಗ್ರಾಣಿ ಕಲ್ಲು ಎತ್ತುವುದು. ಮೆಟ್ಟಿಲು ಏರುವುದು ಹರಕೆಗಾದರೆ ಚಟುವಟಿಕೆ, ವಾರಕ್ಕೆ ಮೂರು ದಿನ ಕಾಲು ಗಟ್ಟಿಯಾಗಲೆಂದಾದರೆ ವ್ಯಾಯಾಮ, ಗಡಿಯಾರ ಹಿಡಿದು ಸ್ಪರ್ಧೆಗಿಟ್ಟರೆ ಕ್ರೀಡೆ. ಮೆಟ್ಟಿಲು ಅವೇ 575. ಸಂಗ್ರಾಣಿ ಕಲ್ಲು ನಿಯಮ, ಸ್ಪರ್ಧೆ, ತೀರ್ಪುಗಾರ ಎಲ್ಲ ಇರುವ ಕ್ರೀಡೆಯೇ. ಅಲಾಯಿ ಕುಣಿತಕ್ಕೆ ಗೆಲುವಿಲ್ಲ, ಸೋಲಿಲ್ಲ, ಆದರೆ ಮುದಗಲ್ಲಿನಲ್ಲಿ ಹೆಜ್ಜೆ ಹಾಕಿದವರ ಬೆವರು ನೋಡಿದರೆ ಯಾವ ಮನೆಗೆ ಹೋಗಬೇಕೆಂದು ಯಾರೂ ಕೇಳುವುದಿಲ್ಲ. ಆರು ಖಾಲಿ ಕಾರ್ಡ್ ಇಷ್ಟಕ್ಕೆ ಸಾಲವು. ಹಳೇ ಲಗ್ನಪತ್ರಿಕೆ ಕತ್ತರಿಸಿ, ದಪ್ಪವೂ ಅಷ್ಟೇ ಇರುತ್ತದೆ.

ಅಂಗವಿಕಲ ಮಕ್ಕಳ ಪಾಲಿಗೆ ಎರಡೇ ಕಾರ್ಡ್: ಬೋಚಿಯಾ (ಕೂತಲ್ಲಿಂದಲೇ ಗುರಿಚೆಂಡಿನ ಹತ್ತಿರಕ್ಕೆ ಚೆಂಡು ಎಸೆಯುವ ಆಟ), ಗೋಲ್‌ಬಾಲ್ (ಕಣ್ಣು ಕಾಣದವರಿಗೆಂದು ಮಾಡಿದ ಚೆಂಡಾಟ). ಗೋಲ್‌ಬಾಲ್ ಕಾರ್ಡಿನ ಹಿಂದೆ ಬರೆಯಬೇಕಾದ್ದನ್ನೇ ಬಿಟ್ಟಿದ್ದಾರೆ: ಅದರ ಅಂಕಣ 18 × 9 ಮೀ., ಅಂದರೆ ವಾಲಿಬಾಲ್ ಅಂಕಣದ್ದೇ ಅಳತೆ. ಒಂದು ಕಡೆ ಮೂವರು, ಎಲ್ಲರ ಕಣ್ಣಿಗೂ ಪಟ್ಟಿ, ಚೆಂಡಿನೊಳಗೆ ಗೆಜ್ಜೆ. ಕಣ್ಣು ಕಾಣುವವರನ್ನೂ ಕಾಣದವರನ್ನೂ ಒಂದೇ ಆಟಕ್ಕೆ ಇಳಿಸಲು ಇದಕ್ಕಿಂತ ಸುಲಭದ್ದಿಲ್ಲ. ಗೆರೆಯನ್ನು ಮುಟ್ಟಿ ತಿಳಿಯುವಂತೆ ಸುಣ್ಣದ ಬದಲು ತೆಳು ಹಗ್ಗ ಎಳೆದು ಮೇಲೆ ಟೇಪ್ ಹಾಕಬೇಕು.

40 ನಿಮಿಷದ ಒಂದು ಅವಧಿಗೆ ಡಬ್ಬಿಯನ್ನು ಹೀಗೆ ಹಂಚಬಹುದು. 48 ಮಕ್ಕಳಾದರೆ ಆರಾರು ಮಂದಿಯ ಎಂಟು ಗುಂಪು, ಗುಂಪಿಗೆ 12 ಕಾರ್ಡ್. ಪ್ರಶ್ನೆ ಒಂದೇ, ಹಲಗೆಯ ಮೇಲೆ ಬರೆದಿರಲಿ. 8 ನಿಮಿಷ ವಿಂಗಡಣೆ. ಆಮೇಲೆ ಪ್ರತಿ ಗುಂಪು ತಾನು ಜಗಳಾಡಿದ ಒಂದೇ ಕಾರ್ಡನ್ನು ಎತ್ತಿ ಹಿಡಿದು ಕಾರಣ ಹೇಳಬೇಕು, ಸರಿಯಾಗಿ ಕೂತ ಹನ್ನೊಂದು ಕಾರ್ಡಿನ ಸುದ್ದಿ ಬೇಡ. ಇದಕ್ಕೆ 10 ನಿಮಿಷ. ಉಳಿದ ಹೊತ್ತು ಮೈದಾನದಲ್ಲಿ ಒಂದೇ ಮನೆಯ ಎರಡು ಆಟ ಆಡಿಸಿ. ಕೋಣೆಯಲ್ಲೇ 40 ನಿಮಿಷ ಕಾರ್ಡ್ ಆಡಿಸಿದರೆ ಪೀಟಿ ಅವಧಿ ಕದ್ದರು ಎಂದು ಮಕ್ಕಳು ಮುಖ ಊದಿಸಿಕೊಳ್ಳುತ್ತಾರೆ, ಅದು ನ್ಯಾಯವೇ. ಹೊರಗೇ ಮಾಡುವುದಾದರೆ ಸುಣ್ಣದಲ್ಲಿ ಎರಡು ಮೀಟರ್ ಚೌಕದ ಮನೆ ಬರೆದು, ಕಾರ್ಡಿನ ಮೇಲೆ ಒಂದೊಂದು ಕಲ್ಲು ಇಡಿಸಿ. ಆಷಾಢದ ಗಾಳಿಗೆ ಕೊಪ್ಪಳದ ಮೈದಾನದಲ್ಲಿ ಕಾರ್ಡ್ ನಿಲ್ಲುವುದಿಲ್ಲ.

ಯಾರು ಕೊಳ್ಳಬಹುದು? ಎಂಟರಿಂದ ಹತ್ತನೇ ತರಗತಿಗೆ ಪಾಠ ಮಾಡುವವರು, ಟೇಪು ಮಾರ್ಕರು ಹಿಡಿದು ಒಂದು ಸಂಜೆ ತಿದ್ದುವ ತಾಳ್ಮೆ ಇರುವವರು. ಚಿತ್ರಗಳು ಚೆನ್ನಾಗಿವೆ, ಹುಡುಗಿಯರು ಕಬಡ್ಡಿ ಆಡುವ, ಕುಸ್ತಿ ಹಿಡಿಯುವ ಚಿತ್ರಗಳಿವೆ. ಕೈಯಿಂದ ಮಾಡಿದರೆ ಅಷ್ಟು ಅಂದ ಬಾರದು. ಆ ತಾಳ್ಮೆ ಇಲ್ಲದಿದ್ದರೆ ನಾಲ್ಕು ಡ್ರಾಯಿಂಗ್ ಶೀಟು ಕತ್ತರಿಸಿ, ಮಕ್ಕಳಿಂದಲೇ ಆಟದ ಹೆಸರು ಬರೆಸಿ. ಪಾಠ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಗೋಡೆಪಟದ ಹಿಂಬದಿ ಬೆಳ್ಳಗಿದೆ. ತಿರುವಿ ಹಾಕಿ ಎಂಟು ಮನೆ ಗೀಚಿಕೊಂಡರೆ ಅದೂ ದಂಡವಾಗುವುದಿಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ ಎಣಿಸಿಕೊಳ್ಳಿ. ಎರಡೆರಡು ಖೊಖೊ ಕಾರ್ಡ್ ಇದ್ದು ಕುಸ್ತಿಯೇ ಇಲ್ಲದ ಡಬ್ಬಿಗಳು ಬಂದಿವೆ. ಕಾರ್ಡಿನ ಮೂಲೆಯಲ್ಲಿ 1ರಿಂದ 96ರವರೆಗೆ ಸಣ್ಣ ಅಂಕಿ ಇದೆ, ಆ ಕ್ರಮದಲ್ಲಿ ಜೋಡಿಸಿದರೆ ಯಾವುದು ತಪ್ಪಿದೆ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬಿಲ್ಲು ಹರಿದ ಮೇಲೆ ಬಿಡಿ ಕಾರ್ಡ್ ಕೊಡುವುದಿಲ್ಲ, ಡಬ್ಬಿ ಬದಲಿಸಿಕೊಡುವುದೂ ಇಲ್ಲ.